ಸಿನಿಮಾದ ಹಿನ್ನೆಲೆ ಸಂಗೀತ: ಏನು ಕೇಳಬೇಕು, ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನನಗೆ ಸಿನಿಮಾ ಹಾಡುಗಳೆಂದರೆ ತುಂಬಾ ಇಷ್ಟ. ಆದರೆ ಹಿನ್ನೆಲೆ ಸಂಗೀತದ ಆಲ್ಬಂ ಹಾಕಿಕೊಂಡು ಕೂತರೆ ಸ್ವಲ್ಪ ಹೊತ್ತಿಗೇ ಬೇಜಾರು ಬರುತ್ತದೆ. ಗೆಳೆಯರು 'ಆಹಾ' ಅನ್ನುವ ಕಡೆ ನನಗೆ ಬರೀ ಸದ್ದು ಕೇಳಿಸುತ್ತದೆ. ಇದರಲ್ಲಿ ಏನನ್ನು ಕೇಳಬೇಕು? ನಿಮಗೆ ಮೆಚ್ಚುಗೆಯಾದ ಚಿತ್ರಗಳು ಯಾವುವು, ಸಂಯೋಜಕರು ಯಾರು? ಈಗಿನ ದೊಡ್ಡ ಸಿನಿಮಾಗಳ ಸಂಗೀತವೆಲ್ಲ ಒಂದೇ ಥರ ಅನಿಸುತ್ತದಲ್ಲ, ಅದು ನನ್ನ ಕಿವಿಯ ದೋಷವಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಕಿವಿ ಸರಿಯಾಗಿಯೇ ಇದೆ. ಯಾಕೆ ಹಾಗಾಗುತ್ತದೆ ಅನ್ನುವುದಕ್ಕೆ ಆಮೇಲೆ ಬರೋಣ.

ಈಗ ಬೇಜಾರಿನ ವಿಷಯ. ಹಾಡು ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಪಲ್ಲವಿ ಇದೆ, ಚರಣ ಇದೆ, ಸಾಹಿತ್ಯ ಇದೆ. ಸಿನಿಮಾ ನೋಡದವರೂ ಗುನುಗಬಹುದು. ಹಿನ್ನೆಲೆ ಸಂಗೀತಕ್ಕೆ ಆ ಅನುಕೂಲವಿಲ್ಲ. ಒಂದು ತುಣುಕು ಅರ್ಧ ನಿಮಿಷ ಬಂದು, ನಟ ತಲೆ ಎತ್ತಿದ ಕೂಡಲೇ ನಿಂತುಬಿಡಬಹುದು. ಅದನ್ನು ಚಿತ್ರದಿಂದ ಕಿತ್ತು ಕೇಳುವುದು ಫೋನಿನಲ್ಲಿ ಮಾತಾಡುತ್ತಿರುವವರ ಪಕ್ಕ ಕೂತು ಒಂದೇ ಕಡೆಯ ಮಾತು ಕೇಳಿದ ಹಾಗೆ. ಅವರು ಯಾಕೆ ನಕ್ಕರು, ಯಾಕೆ ಸುಮ್ಮನಾದರು ಅಂತ ನಿಮಗೆ ಹೇಗೆ ಗೊತ್ತಾಗಬೇಕು?

ಆದ್ದರಿಂದ ಆಲ್ಬಂಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸಿನಿಮಾ ನೋಡಿ. ನೋಡುವಾಗ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಸಂಗೀತ ಎಲ್ಲಿ ಶುರುವಾಯಿತು? ಎಲ್ಲಿ ನಿಂತಿತು? ಟ್ಯೂನ್ ಚೆನ್ನಾಗಿದೆಯಾ ಅನ್ನುವುದು ಆಮೇಲಿನ ಮಾತು. ನಿರ್ದೇಶಕ, ಸಂಯೋಜಕ ಇಬ್ಬರೂ ಚಿತ್ರ ನೋಡುತ್ತಾ ಮೊದಲು ತೀರ್ಮಾನ ಮಾಡುವುದೂ ಇದನ್ನೇ. ಹಾಲಿವುಡ್‌ನಲ್ಲಿ ಇದಕ್ಕೆ ಸ್ಪಾಟಿಂಗ್ ಅನ್ನುತ್ತಾರೆ. ನಮ್ಮ ಕಡೆ ರೀರೆಕಾರ್ಡಿಂಗ್ ಅಂತ ಕರೆಯುವ ಕೆಲಸದ ಅರ್ಧ ಜಾಣತನ ಇಲ್ಲೇ ಇರುವುದು. ನನ್ನ ಮೆಚ್ಚಿನ ಚಿತ್ರಗಳೂ ಈ ಒಂದು ಕಾರಣಕ್ಕೇ ಮೆಚ್ಚಿನವು. ಅವುಗಳಲ್ಲಿ ಸಂಗೀತಕ್ಕೆ ಯಾವಾಗ ಬಾಯಿ ಮುಚ್ಚಬೇಕು ಅಂತ ಗೊತ್ತಿದೆ.

ಮೊದಲು 1975ರ 'ಜಾಸ್'. ಸಂಯೋಜಕ ಜಾನ್ ವಿಲಿಯಮ್ಸ್. ಎರಡು ಸ್ವರಗಳ ಆ ಶಾರ್ಕ್ ಸಂಗೀತ ಗೊತ್ತಿಲ್ಲದವರು ಕಡಿಮೆ. ಪಿಯಾನೊ ಮೇಲೆ ಅದನ್ನು ನುಡಿಸಿ ತೋರಿಸಿದಾಗ ನಿರ್ದೇಶಕ ಸ್ಪೀಲ್‌ಬರ್ಗ್ ತಮಾಷೆ ಅಂದುಕೊಂಡು ನಕ್ಕಿದ್ದರಂತೆ. ಆ ಚಿತ್ರಕ್ಕೆ ಮಾಡಿಸಿದ್ದ ಯಾಂತ್ರಿಕ ಶಾರ್ಕ್ ಸಮುದ್ರದ ನೀರಿನಲ್ಲಿ ಪದೇಪದೇ ಕೆಟ್ಟು ನಿಲ್ಲುತ್ತಿತ್ತು. ಹಾಗಾಗಿ ಚಿತ್ರದ ಬಹುಭಾಗದಲ್ಲಿ ಶಾರ್ಕ್ ಕಾಣುವುದೇ ಇಲ್ಲ. ಕಾಣದ ಪ್ರಾಣಿಯ ಜಾಗದಲ್ಲಿ ಸಂಗೀತವೇ ಈಜುತ್ತದೆ. ನಿಧಾನ ಇದ್ದರೆ ದೂರ, ವೇಗ ಹೆಚ್ಚಾದರೆ ಹತ್ತಿರ. ಇಷ್ಟನ್ನು ಎಲ್ಲರೂ ಹೇಳುತ್ತಾರೆ.

ನನಗೆ ಇಷ್ಟವಾಗುವುದು ಬೇರೆ ಜಾಗ. ನಡುವೆ ಒಂದು ಕಡೆ ಇಬ್ಬರು ಹುಡುಗರು ಶಾರ್ಕ್‌ನ ಬೆನ್ನಿನ ರೆಕ್ಕೆಯಂಥ ಕಾರ್ಡ್‌ಬೋರ್ಡ್ ಕಟ್ಟಿಕೊಂಡು ಈಜಿ, ಬೀಚಿನಲ್ಲಿದ್ದವರನ್ನೆಲ್ಲ ಹೆದರಿಸುತ್ತಾರೆ. ನೀರಿನ ಮೇಲೆ ರೆಕ್ಕೆ ಕಾಣುತ್ತದೆ, ಜನ ಕಿರುಚಿ ಓಡುತ್ತಾರೆ. ಆದರೆ ಆ ಎರಡು ಸ್ವರ ಬರುವುದಿಲ್ಲ. ವಿಲಿಯಮ್ಸ್ ಅಲ್ಲಿ ಸುಳ್ಳು ಹೇಳಲಿಲ್ಲ. ಶಾರ್ಕ್ ಇಲ್ಲ, ಹಾಗಾಗಿ ಸಂಗೀತವೂ ಇಲ್ಲ. ನಿಮಗೆ ಗೊತ್ತಿಲ್ಲದೆಯೇ ಒಂದು ನಿಯಮ ನಿಮ್ಮ ತಲೆಯಲ್ಲಿ ಕೂತುಬಿಡುತ್ತದೆ. ಸಂಗೀತ ಬಂದರೆ ಅಪಾಯ, ಬರದಿದ್ದರೆ ಆರಾಮು. ಆಮೇಲೆ ದೋಣಿಯ ಹಿಂದೆ ನಿಂತು ಪೊಲೀಸ್ ಅಧಿಕಾರಿ ನೀರಿಗೆ ಮೀನಿನ ಚೂರು ಎಸೆಯುವ ದೃಶ್ಯ ಬರುತ್ತದೆ. ಸಂಗೀತವಿಲ್ಲ. ಆರಾಮಾಗಿ ಕೂತಿರುತ್ತೀರಿ. ಶಾರ್ಕ್ ಧುತ್ತನೆ ಮೇಲೆದ್ದು ಬಾಯಿ ತೆರೆಯುತ್ತದೆ. ಅಷ್ಟು ಹೊತ್ತು ಪಾಲಿಸಿಕೊಂಡು ಬಂದ ನಿಯಮವನ್ನು ಒಂದೇ ಒಂದು ಸಲ ಮುರಿದಿದ್ದಾರೆ. ಆ ದೃಶ್ಯ ಇವತ್ತಿಗೂ ಬೆಚ್ಚಿಬೀಳಿಸುವುದು ಈ ಕಾರಣಕ್ಕೆ. ಎರಡು ಸ್ವರ ಬರೆಯುವುದು ದೊಡ್ಡದಲ್ಲ. ಅವನ್ನು ಎಲ್ಲಿ ಬರೆಯಬಾರದು ಅಂತ ತಿಳಿದಿರುವುದು ದೊಡ್ಡದು.

ಇದಕ್ಕೆ ಹದಿನೈದು ವರ್ಷ ಮೊದಲು, 1960ರಲ್ಲಿ, ಹಿಚ್‌ಕಾಕ್ 'ಸೈಕೋ' ತೆಗೆದರು. ಸಂಯೋಜಕ ಬರ್ನಾರ್ಡ್ ಹರ್ಮನ್. ಇಡೀ ಚಿತ್ರಕ್ಕೆ ಬರೀ ತಂತಿ ವಾದ್ಯಗಳು. ಪಿಟೀಲು, ವಿಯೋಲಾ, ಚೆಲ್ಲೊ, ಡಬಲ್ ಬಾಸ್, ಅಷ್ಟೇ. ಡ್ರಮ್ ಇಲ್ಲ, ಊದುವ ವಾದ್ಯ ಒಂದೂ ಇಲ್ಲ. ಕಪ್ಪು ಬಿಳುಪು ಚಿತ್ರಕ್ಕೆ ಸದ್ದೂ ಕಪ್ಪು ಬಿಳುಪಾಗಿಯೇ ಇರಲಿ ಅನ್ನುವುದು ಅವರ ಲೆಕ್ಕ. ಬಚ್ಚಲುಮನೆಯ ಕೊಲೆಗೆ ಸಂಗೀತವೇ ಬೇಡ ಅಂತ ಹಿಚ್‌ಕಾಕ್ ಮೊದಲು ಹೇಳಿದ್ದರು. ಹರ್ಮನ್ ಕೇಳದೆ ಬರೆದರು. ಕೇಳಿದ ಮೇಲೆ ಹಿಚ್‌ಕಾಕ್ ಮನಸ್ಸು ಬದಲಾಯಿಸಿದರು. ಆ ಕಿರುಚುವ ಪಿಟೀಲು ಹುಟ್ಟಿದ್ದು ಹೀಗೆ.

ಆದರೆ 'ಸೈಕೋ' ನೋಡುವಾಗ ಬಚ್ಚಲಿಗೆ ಕಾಯಬೇಡಿ. ಅದಕ್ಕೆ ಮೊದಲು ನಾಯಕಿ ಕದ್ದ ದುಡ್ಡು ಇಟ್ಟುಕೊಂಡು ಕಾರು ಓಡಿಸುವ ಭಾಗ ನೋಡಿ. ಒಂದು ಸಲ ಸದ್ದು ಪೂರ್ತಿ ನಿಲ್ಲಿಸಿ, ಇನ್ನೊಂದು ಸಲ ಸದ್ದು ಇಟ್ಟುಕೊಂಡು. ಸದ್ದಿಲ್ಲದೆ ನೋಡಿದರೆ ಒಬ್ಬ ಹೆಂಗಸು ಸ್ಟೀರಿಂಗ್ ಹಿಡಿದು ಕೂತಿದ್ದಾಳೆ, ಮಳೆ ಬರುತ್ತಿದೆ, ಅಷ್ಟೇ. ಸದ್ದು ಕೊಟ್ಟರೆ ಅವಳ ತಲೆಯೊಳಗೆ ಏನು ನಡೆಯುತ್ತಿದೆ ಅಂತ ಕೇಳಿಸುತ್ತದೆ. ಹಿನ್ನೆಲೆ ಸಂಗೀತ ಏನು ಮಾಡುತ್ತದೆ ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಹರ್ಮನ್ ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಹಿಚ್‌ಕಾಕ್‌ರ 1963ರ 'ದಿ ಬರ್ಡ್ಸ್' ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಎಲೆಕ್ಟ್ರಾನಿಕ್ ಯಂತ್ರದಲ್ಲಿ ಮಾಡಿದ ಹಕ್ಕಿಗಳ ಸದ್ದು ಮಾತ್ರ. ಆದರೂ ಹರ್ಮನ್ ಆ ಚಿತ್ರಕ್ಕೆ ಧ್ವನಿ ಸಲಹೆಗಾರರಾಗಿ ಕೆಲಸ ಮಾಡಿದರು. ಸಂಗೀತ ಬರೆಯದೆ ಇರುವುದಕ್ಕೂ ಒಬ್ಬ ಸಂಯೋಜಕ ಬೇಕು ನೋಡಿ! 1966ರಲ್ಲಿ 'ಟಾರ್ನ್ ಕರ್ಟನ್' ಚಿತ್ರದ ಸಂಗೀತದ ವಿಚಾರಕ್ಕೆ ಇಬ್ಬರಿಗೂ ಜಗಳವಾಯಿತು. ಸ್ಟುಡಿಯೋಗೆ ಜನ ಗುನುಗುವಂಥ ಪಾಪ್ ಸಂಗೀತ ಬೇಕಿತ್ತು. ಹರ್ಮನ್ ಬರೆದದ್ದನ್ನು ಹಿಚ್‌ಕಾಕ್ ಬಿಸಾಕಿದರು. ಆಮೇಲೆ ಅವರಿಬ್ಬರೂ ಜೊತೆಗೆ ಕೆಲಸ ಮಾಡಲಿಲ್ಲ. ಹರ್ಮನ್‌ರ ಕೊನೆಯ ಚಿತ್ರ ಸ್ಕಾರ್ಸೇಸಿಯ 'ಟ್ಯಾಕ್ಸಿ ಡ್ರೈವರ್'. ಅದರ ರೆಕಾರ್ಡಿಂಗ್ ಮುಗಿಸಿದ ರಾತ್ರಿಯೇ, 1975ರ ಡಿಸೆಂಬರ್ 24ರ ಬೆಳಗಿನೊಳಗೆ, ನಿದ್ದೆಯಲ್ಲೇ ಹೋಗಿಬಿಟ್ಟರು.

ಈಗ ಇಟಲಿಗೆ. ಎನ್ನಿಯೊ ಮೊರಿಕೋನೆ. 1928ರಲ್ಲಿ ರೋಮ್‌ನಲ್ಲಿ ಹುಟ್ಟಿದವರು, ಟ್ರಂಪೆಟ್ ಕಲಿತವರು, 400ಕ್ಕೂ ಹೆಚ್ಚು ಚಿತ್ರ ಮತ್ತು ಟಿವಿ ಕೆಲಸಗಳಿಗೆ ಸಂಗೀತ ಕೊಟ್ಟವರು. ನಿರ್ದೇಶಕ ಸೆರ್ಜಿಯೊ ಲಿಯೋನೆ ಅವರ ಜೊತೆ ಚಿಕ್ಕಂದಿನಲ್ಲಿ ಒಂದೇ ಶಾಲೆಯಲ್ಲಿ ಓದಿದ್ದರು. 1966ರ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಚಿತ್ರದ ಆ ಕಾಡುನಾಯಿ ಊಳಿಟ್ಟಂಥ ಟ್ಯೂನ್ ನೀವು ಕೇಳಿರುತ್ತೀರಿ, ಸಿನಿಮಾ ನೋಡದಿದ್ದರೂ ಕೇಳಿರುತ್ತೀರಿ. ಒಂದು ವಿಷಯ ಗಮನಿಸಿದ್ದೀರಾ? ಮೂರು ಪಾತ್ರಗಳಿಗೂ ಟ್ಯೂನ್ ಒಂದೇ. ಬದಲಾಗುವುದು ವಾದ್ಯ ಮಾತ್ರ. ಒಬ್ಬನಿಗೆ ಕೊಳಲು, ಇನ್ನೊಬ್ಬನಿಗೆ ಒಕರಿನಾ ಅನ್ನುವ ಮಣ್ಣಿನ ಊದು ವಾದ್ಯ, ಮೂರನೆಯವನಿಗೆ ಮನುಷ್ಯರ ದನಿ. ಮೂವರೂ ಒಂದೇ ಜಾತಿಯ ಕಳ್ಳರು ಅನ್ನುವುದನ್ನು ಸಂಗೀತ ಆರಂಭದಲ್ಲೇ ಹೇಳಿಬಿಟ್ಟಿದೆ. 'ಒಳ್ಳೆಯವನು' ಅನ್ನುವ ಹೆಸರಿಗೆ ಮೊರಿಕೋನೆ ಮರುಳಾಗಲಿಲ್ಲ.

ಆದರೆ ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್'. ಸಾಮಾನ್ಯವಾಗಿ ಶೂಟಿಂಗ್, ಎಡಿಟಿಂಗ್ ಎಲ್ಲ ಮುಗಿದ ಮೇಲೆ ಸಂಗೀತ ಬರುತ್ತದೆ. ಇಲ್ಲಿ ಮುಖ್ಯ ಟ್ಯೂನ್‌ಗಳು ಶೂಟಿಂಗ್‌ಗೆ ಮೊದಲೇ ಸಿದ್ಧವಾಗಿದ್ದವು. ಲಿಯೋನೆ ಅವನ್ನು ಸೆಟ್‌ನಲ್ಲಿ ಹಾಕಿ, ನಟರನ್ನು ಆ ಲಯಕ್ಕೆ ನಡೆಸಿದರು. ನಾಯಕಿ ರೈಲು ನಿಲ್ದಾಣದಿಂದ ಊರೊಳಗೆ ಕಾಲಿಡುವ ದೃಶ್ಯ ನೋಡಿ. ಕ್ಯಾಮೆರಾ ಮೇಲೆದ್ದು ಹೋಗುವುದೂ ಗಾಯಕಿ ಎಡ್ಡಾ ಡೆಲ್ಲೊರ್ಸೊ ಅವರ ದನಿ ಏರುವುದೂ ಒಟ್ಟಿಗೇ ನಡೆಯುತ್ತವೆ. ಯಾರು ಯಾರನ್ನು ಎತ್ತುತ್ತಿದ್ದಾರೆ ಅಂತ ಹೇಳಲಾಗುವುದಿಲ್ಲ.

ಇಷ್ಟೊಳ್ಳೆ ಸಂಗೀತ ಕೈಯಲ್ಲಿ ಇಟ್ಟುಕೊಂಡು ಚಿತ್ರವನ್ನು ಹೇಗೆ ಶುರು ಮಾಡುತ್ತಾರೆ ಗೊತ್ತಾ? ಸಂಗೀತವೇ ಇಲ್ಲದೆ. ಮೂವರು ಬಂದೂಕುಧಾರಿಗಳು ಸ್ಟೇಷನ್‌ನಲ್ಲಿ ರೈಲಿಗೆ ಕಾಯುತ್ತಾರೆ. ಗಾಳಿಯಂತ್ರ ಕಿರ್ರ್ ಅನ್ನುತ್ತದೆ. ಒಬ್ಬನ ಟೋಪಿಯ ಮೇಲೆ ನೀರು ತೊಟ್ಟಿಕ್ಕುತ್ತದೆ. ಇನ್ನೊಬ್ಬನ ಮುಖದ ಮೇಲೆ ನೊಣ. ನಿಮಿಷಗಟ್ಟಲೆ ಇಷ್ಟೇ. ಕೇಳುತ್ತಾ ಹೋದರೆ ಆ ಸದ್ದುಗಳೇ ಒಂದು ಕಛೇರಿ. ರೈಲು ಬಂದು ಹೋದ ಮೇಲೆ ಕೇಳಿಸುವ ಮೊದಲ ಸಂಗೀತ ಒಂದು ಮೌತ್ ಆರ್ಗನ್. ಅದನ್ನು ಊದುತ್ತಿರುವುದು ಚಿತ್ರದ ಪಾತ್ರವೇ. ಅವನು ಯಾಕೆ ಅದನ್ನೇ ಊದುತ್ತಾನೆ, ಅದರ ಸದ್ದು ಯಾಕೆ ನರಳಿದ ಹಾಗಿದೆ ಅನ್ನುವುದು ಕೊನೆಯ ದ್ವಂದ್ವದವರೆಗೆ ಗೊತ್ತಾಗುವುದಿಲ್ಲ. ಗೊತ್ತಾದಾಗ ಎರಡೂವರೆ ಗಂಟೆಯಿಂದ ಕೇಳಿದ ಅದೇ ಟ್ಯೂನ್ ಬೇರೆಯೇ ಆಗಿ ಕೇಳಿಸುತ್ತದೆ. ನಾನಿಲ್ಲಿ ಹೇಳಿ ಕೆಡಿಸುವುದಿಲ್ಲ.

ಪ್ರಶಸ್ತಿ ನೋಡಿ ಚಿತ್ರ ಆರಿಸುವ ಅಭ್ಯಾಸ ನಿಮಗಿದ್ದರೆ ಬಿಟ್ಟುಬಿಡಿ. ಮೊರಿಕೋನೆಗೆ 2007ರಲ್ಲಿ ಗೌರವ ಆಸ್ಕರ್ ಕೊಟ್ಟರು. ಸ್ಪರ್ಧೆಯಲ್ಲಿ ಗೆದ್ದ ಆಸ್ಕರ್ ಬಂದದ್ದು 2016ರಲ್ಲಿ, ಅವರಿಗೆ 87 ವರ್ಷವಾದಾಗ! ನೀನೊ ರೋಟಾ ಅವರ ಕಥೆ ಇನ್ನೂ ತಮಾಷೆ. 'ಗಾಡ್‌ಫಾದರ್' ಸಂಗೀತಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. ಅದರ ಒಂದು ಟ್ಯೂನನ್ನು ಅವರೇ 1958ರ ಒಂದು ಇಟಾಲಿಯನ್ ಚಿತ್ರದಲ್ಲಿ ಬಳಸಿದ್ದರು ಅಂತ ಗೊತ್ತಾಗಿ ನಾಮನಿರ್ದೇಶನ ವಾಪಸ್ ತೆಗೆದುಕೊಂಡರು. ಎರಡು ವರ್ಷದ ಮೇಲೆ ಎರಡನೇ ಭಾಗಕ್ಕೆ ಆಸ್ಕರ್ ಕೊಟ್ಟರು. ಅದರಲ್ಲೂ ಆ ಟ್ಯೂನ್ ಇತ್ತು.

ಸಂಗೀತ ದೃಶ್ಯದ ಜೊತೆಗೇ ಅಳಬೇಕು, ಜೊತೆಗೇ ನಗಬೇಕು ಅಂತ ಏನಿಲ್ಲ. ಇದನ್ನು ಜಪಾನಿನ ನಿರ್ದೇಶಕ ಕುರೊಸಾವಾ ಬಹಳ ಬೇಗ ಅರ್ಥ ಮಾಡಿಕೊಂಡಿದ್ದರು. 1948ರ 'ಡ್ರಂಕನ್ ಏಂಜೆಲ್' ಚಿತ್ರದಲ್ಲಿ ಕಾಯಿಲೆ ಬಿದ್ದ, ಮಾನ ಕಳೆದುಕೊಂಡ ರೌಡಿಯೊಬ್ಬ ಪೇಟೆಯಲ್ಲಿ ನಡೆದು ಹೋಗುತ್ತಾನೆ. ಧ್ವನಿವರ್ಧಕದಲ್ಲಿ ಮಕ್ಕಳ ಆಟದಂಥ 'ಕುಕ್ಕೂ ವಾಲ್ಟ್ಜ್' ಬರುತ್ತಿರುತ್ತದೆ. ದುಃಖದ ಪಿಟೀಲು ಹಾಕಿದ್ದರೆ ನಾವು ಅವನನ್ನು ನೋಡಿ ಅಯ್ಯೋ ಅನ್ನುತ್ತಿದ್ದೆವು. ಈ ಖುಷಿಯ ಟ್ಯೂನ್ ಕೇಳಿದಾಗ ಲೋಕಕ್ಕೆ ಅವನ ಪರಿವೆಯೇ ಇಲ್ಲ ಅನ್ನುವುದು ಚುಚ್ಚುತ್ತದೆ. ಆ ಚಿತ್ರದ ಸಂಯೋಜಕ ಫುಮಿಯೊ ಹಯಸಾಕ. 1949ರ 'ದಿ ಥರ್ಡ್ ಮ್ಯಾನ್' ಕೂಡ ಇದೇ ದಾರಿಯದು. ಯುದ್ಧದಲ್ಲಿ ಪಾಳುಬಿದ್ದ ವಿಯೆನ್ನಾ, ಮೋಸ, ಸಾವು. ಸಂಗೀತ ಮಾತ್ರ ಜಿದರ್ ಅನ್ನುವ ಒಂದೇ ಒಂದು ತಂತಿ ವಾದ್ಯದ ಕುಣಿತ. ನುಡಿಸಿದವರು ಆಂಟನ್ ಕರಾಸ್. ನಿರ್ದೇಶಕರ ಕಣ್ಣಿಗೆ ಬೀಳುವ ಮೊದಲು ವಿಯೆನ್ನಾದಲ್ಲಿ ಸುಮ್ನೆ ಹೊಟ್ಟೆಪಾಡಿಗೆ ನುಡಿಸುತ್ತಿದ್ದವರು.

ಕುರೊಸಾವಾ ಅವರ 1985ರ 'ರಾನ್' ಚಿತ್ರಕ್ಕೆ ಬಂದರೆ, ನನ್ನ ಲೆಕ್ಕದಲ್ಲಿ ಸಿನಿಮಾ ಸಂಗೀತದ ಅತಿ ದೊಡ್ಡ ಕೆಲಸಗಳಲ್ಲಿ ಒಂದು ಅಲ್ಲಿದೆ. ಸಂಯೋಜಕ ತೋರು ತಕೆಮಿತ್ಸು. ಕೋಟೆಯ ಮೇಲೆ ದಾಳಿ ನಡೆಯುತ್ತದೆ. ಬಾಣಗಳು, ಬೆಂಕಿ, ಉರುಳುವ ಕುದುರೆಗಳು, ರಕ್ತ. ಆದರೆ ಇದ್ಯಾವುದರ ಸದ್ದೂ ಇಲ್ಲ. ಎಲ್ಲ ಸದ್ದನ್ನೂ ತೆಗೆದುಹಾಕಿ ತಕೆಮಿತ್ಸು ಅವರ ನಿಧಾನವಾದ, ಶೋಕದ ವಾದ್ಯವೃಂದ ಮಾತ್ರ ಇಟ್ಟಿದ್ದಾರೆ. ಕಣ್ಣ ಮುಂದೆ ಕಗ್ಗೊಲೆ, ಕಿವಿಗೆ ಮಾತ್ರ ತುಂಬಾ ಮೇಲಿನಿಂದ ಯಾರೋ ನೋಡಿ ನೊಂದುಕೊಳ್ಳುತ್ತಿರುವಂಥ ಸಂಗೀತ. ಇದು ಎಷ್ಟೋ ಹೊತ್ತು ನಡೆಯುತ್ತದೆ. ಆಮೇಲೆ ಒಂದು ಗುಂಡಿನ ಸದ್ದು. ಸಂಗೀತ ಅಲ್ಲಿಗೇ ತುಂಡಾಗುತ್ತದೆ. ಯುದ್ಧದ ಗದ್ದಲವೆಲ್ಲ ಒಮ್ಮೆಗೇ ಕಿವಿಗೆ ನುಗ್ಗುತ್ತದೆ. ದೊರೆಯ ಹಿರಿಮಗ ಬಿದ್ದಿರುತ್ತಾನೆ. ಸಂಗೀತ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಇದನ್ನು ಬೇರೆಯವರು ಎಷ್ಟೋ ಸಲ ನಕಲು ಮಾಡಿದ್ದಾರೆ. ಬಹಳಷ್ಟು ಸಲ ಬರೀ ಸ್ಲೋ ಮೋಷನ್ ಮತ್ತು ಗೋಳಾಟ ಉಳಿದಿದೆ.

ನಮ್ಮ ದೇಶದ ಉದಾಹರಣೆ ಬೇಕೆಂದರೆ ಸತ್ಯಜಿತ್ ರೇ ಅವರ 1955ರ 'ಪಥೇರ್ ಪಾಂಚಾಲಿ'. ಸಂಗೀತ ಕೊಟ್ಟ ರವಿಶಂಕರ್ ಅವರಿಗೆ ಚಿತ್ರವನ್ನು ಪೂರ್ತಿ ನೋಡಲೂ ಬಿಡುವಿರಲಿಲ್ಲ. ರಾತ್ರಿಯಿಡೀ ಕೂತು ಒಂದೇ ಸಿಟ್ಟಿಂಗ್‌ನಲ್ಲಿ ರೆಕಾರ್ಡ್ ಮಾಡಿಬಿಟ್ಟರು. ಮಗಳು ಸತ್ತಿದ್ದು ಗೊತ್ತಿಲ್ಲದೆ ತಂದೆ ಊರಿಗೆ ವಾಪಸ್ ಬಂದು, ಅವಳಿಗೆ ತಂದ ಸೀರೆ ತೋರಿಸುತ್ತಾನೆ. ತಾಯಿಗೆ ಅಳು ತಡೆಯಲಾಗುವುದಿಲ್ಲ. ಬಾಯಿ ತೆರೆದು ಅಳುತ್ತಾಳೆ. ಆ ಅಳುವಿನ ದನಿ ನಮಗೆ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶೆಹನಾಯಿ ಅನ್ನುವ ಕಮಾನಿನ ತಂತಿ ವಾದ್ಯದಲ್ಲಿ ಪಟದೀಪ್ ರಾಗ ಮೇಲಿನ ಸ್ವರಗಳಲ್ಲಿ ಕೂಗುತ್ತದೆ. ಇಲ್ಲಿ ಸಂಗೀತ ಅಳುವಿನ ಹಿಂದೆ ಇಲ್ಲ, ಅಳುವೇ ಸಂಗೀತ. ತಾಯಿಯ ದನಿಯನ್ನೂ ಇಟ್ಟು, ಅದರ ಕೆಳಗೆ ರಾಗವನ್ನೂ ಹಾಕಿದ್ದರೆ ಎರಡೂ ಕೆಡುತ್ತಿದ್ದವು. ಒಂದು ಪುಟ್ಟ ವಿಷಯ: ಒಂದೇ ರಾತ್ರಿಯ ಕೆಲಸವಾದ್ದರಿಂದ ಕೆಲವು ಕಡೆ ಸಂಗೀತ ಸಾಲದೆ ಬಂತು. ಅಲ್ಲೆಲ್ಲ ಸಿತಾರ್ ನುಡಿಸಿದವರು ಚಿತ್ರದ ಛಾಯಾಗ್ರಾಹಕ ಸುಬ್ರತಾ ಮಿತ್ರ. ರೇ 1961ರ 'ತೀನ್ ಕನ್ಯಾ'ದಿಂದ ಮುಂದೆ ತಮ್ಮ ಚಿತ್ರಗಳಿಗೆ ತಾವೇ ಸಂಗೀತ ಬರೆಯತೊಡಗಿದರು. ದೊಡ್ಡ ಕಲಾವಿದರ ಬಿಡುವಿಗೆ ಕಾಯುವ ಕಷ್ಟ ತಪ್ಪಿತು. ಆದರೆ ಪಟದೀಪ್‌ನಂಥ ಆಘಾತ ಮತ್ತೆ ಅವರ ಚಿತ್ರಗಳಲ್ಲಿ ಸಿಕ್ಕಿತಾ ಅಂತ ಕೇಳಿದರೆ, ನನಗಂತೂ ಸಿಗಲಿಲ್ಲ.

ನೀವು ಹಾಡಿನ ಪ್ರೇಮಿ, ಹಾಗಾಗಿ 'ಶೋಲೆ' ನೋಡೇ ಇರುತ್ತೀರಿ. ಹಾಡುಗಳನ್ನು ಬಿಟ್ಟು ಇನ್ನೊಮ್ಮೆ ಕೇಳಿ. ಸಂಜೆ ಹೊತ್ತು ರಾಧಾ ಒಂದೊಂದೇ ದೀಪ ಆರಿಸುತ್ತಾ ಹೋಗುತ್ತಾಳೆ, ಕೆಳಗೆ ಜೈ ಮೌತ್ ಆರ್ಗನ್ ಊದುತ್ತಿರುತ್ತಾನೆ. ಮಾತೇ ಇಲ್ಲ. ಇಬ್ಬರ ನಡುವೆ ಏನು ಬೆಳೆಯುತ್ತಿದೆ ಅನ್ನುವುದೆಲ್ಲ ಆ ಟ್ಯೂನ್‌ನಲ್ಲಿದೆ. ಸಂಯೋಜನೆ ಆರ್.ಡಿ. ಬರ್ಮನ್ ಅವರದು, ಊದಿದವರು ಭಾನು ಗುಪ್ತ. ಕನ್ನಡದಲ್ಲಿ ಇಳಯರಾಜ ಅವರ 'ಪಲ್ಲವಿ ಅನುಪಲ್ಲವಿ' (1983) ಇದೆ. ಮಣಿರತ್ನಂ ಅವರ ಮೊದಲ ಚಿತ್ರ. ಅದರ ಟ್ಯೂನ್ ಎಷ್ಟೋ ವರ್ಷದ ಮೇಲೆ ಒಂದು ಮೊಬೈಲ್ ಕಂಪನಿಯ ಜಾಹೀರಾತಿಗೆ ಬಂದು, ಚಿತ್ರದ ಹೆಸರೂ ಕೇಳದವರ ಬಾಯಲ್ಲಿ ಕೂತುಬಿಟ್ಟಿತು. ಮಾತೇ ಇಲ್ಲದ 'ಪುಷ್ಪಕ ವಿಮಾನ'ಕ್ಕೆ (1987) ಎಲ್. ವೈದ್ಯನಾಥನ್ ಕೊಟ್ಟ ಸಂಗೀತವನ್ನೂ ಈ ಕಿವಿಯಿಂದ ಕೇಳಿ ನೋಡಿ. ಸಂಭಾಷಣೆ ಇಲ್ಲದ ಚಿತ್ರ ಅಂದರೆ ಎರಡು ಗಂಟೆ ಸಂಗೀತ ಸುರಿಯುವ ಆಸೆ ಯಾರಿಗಾದರೂ ಬರುತ್ತದೆ. ಅವರು ಬೀದಿಯ ಗದ್ದಲಕ್ಕೂ ಕೋಣೆಯ ಮೌನಕ್ಕೂ ಜಾಗ ಬಿಟ್ಟಿದ್ದಾರೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಈಗಿನ ದೊಡ್ಡ ಚಿತ್ರಗಳು ಯಾಕೆ ಒಂದೇ ಥರ ಕೇಳಿಸುತ್ತವೆ?

ಮೊದಲ ಕಾರಣ ಟೆಂಪ್ ಟ್ರ್ಯಾಕ್. ಎಡಿಟಿಂಗ್ ಮಾಡುವಾಗ ತಾತ್ಕಾಲಿಕವಾಗಿ ಬೇರೆ ಯಾವುದೋ ಚಿತ್ರದ ಸಂಗೀತ ಹಾಕಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಅದನ್ನೇ ಕೇಳಿ ಕೇಳಿ ನಿರ್ದೇಶಕರಿಗೆ ಅದೇ ಹಿಡಿಸಿಬಿಡುತ್ತದೆ. ಸಂಯೋಜಕ ಬಂದಾಗ 'ಇದರ ಹಾಗೇ ಬೇಕು, ಆದರೆ ಇದೇ ಬೇಡ' ಅನ್ನುತ್ತಾರೆ. ಇವರು ಆ ಚಿತ್ರವನ್ನು ಹೋಲುವ ಸಂಗೀತ ಕೊಡುತ್ತಾರೆ. ಮುಂದಿನ ಚಿತ್ರದವರು ಇದನ್ನು ಟೆಂಪ್ ಆಗಿ ಹಾಕಿಕೊಳ್ಳುತ್ತಾರೆ. ಹೀಗೇ ಸುತ್ತು. ಇದರ ಹಳೆಯ ಬಲಿಪಶು ಅಲೆಕ್ಸ್ ನಾರ್ತ್. 1968ರ '2001: ಎ ಸ್ಪೇಸ್ ಒಡಿಸ್ಸಿ'ಗೆ ಅವರು ಸಂಗೀತ ಬರೆದು ರೆಕಾರ್ಡ್ ಕೂಡ ಮಾಡಿದ್ದರು. ನಿರ್ದೇಶಕ ಕುಬ್ರಿಕ್ ಮಾತ್ರ ತಾವು ಹಾಕಿಕೊಂಡಿದ್ದ ಸ್ಟ್ರಾಸ್, ಲಿಗೆಟಿ ಸಂಗೀತವನ್ನೇ ಉಳಿಸಿಕೊಂಡರು. ತಮ್ಮ ಒಂದು ಸ್ವರವೂ ಇಲ್ಲ ಅಂತ ನಾರ್ತ್‌ಗೆ ಗೊತ್ತಾದದ್ದು ಚಿತ್ರ ನೋಡಲು ಹೋದಾಗ. ಅವರಿಗೆ ಆದದ್ದು ಅನ್ಯಾಯವೇ. ಆದರೆ ಬಾಹ್ಯಾಕಾಶದಲ್ಲಿ ತೇಲುವ ನೌಕೆಗೆ ಸ್ಟ್ರಾಸ್ ಅವರ ಆ ವಾಲ್ಟ್ಜ್ ಬಿಟ್ಟು ಇನ್ನೊಂದನ್ನು ಊಹಿಸಲೂ ಈಗ ಆಗುವುದಿಲ್ಲ ಅನ್ನುವುದೂ ನಿಜ.

ಎರಡನೆಯ ಕಾರಣದ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ. ಕಂಪ್ಯೂಟರ್‌ನಲ್ಲಿ ಎಡಿಟ್ ಮಾಡುವುದರಿಂದ ಚಿತ್ರವನ್ನು ಕೊನೆಯ ಗಳಿಗೆಯವರೆಗೂ ಕತ್ತರಿಸುತ್ತಾ ಇರಬಹುದು. ಸಂಗೀತ ರೆಕಾರ್ಡ್ ಆದ ಮೇಲೂ ಎರಡು ಸೆಕೆಂಡ್ ಇಲ್ಲಿ, ಐದು ಸೆಕೆಂಡ್ ಅಲ್ಲಿ ತೆಗೆಯುತ್ತಾರೆ. ಉದ್ದವಾದ, ಮಧುರವಾದ ಒಂದು ಸಾಲಿನ ನಡುವೆ ಹೀಗೆ ಕತ್ತರಿ ಹಾಕಿದರೆ ಅದು ಕುಂಟುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಅದೇ ಚೆಲ್ಲೊಗಳು ಒಂದೇ ಸಮನೆ ಚಕಚಕ ಅಂತ ಓಡುತ್ತಿದ್ದರೆ ಎಲ್ಲಿ ಕತ್ತರಿಸಿದರೂ ಗೊತ್ತಾಗುವುದಿಲ್ಲ. ಆದ್ದರಿಂದ ಸಂಯೋಜಕರು ಜಾಣತನದಿಂದ ಕತ್ತರಿಗೆ ಬಗ್ಗುವ ಸಂಗೀತ ಬರೆಯುತ್ತಾರೆ. ನಿಮಗೆ ಒಂದೇ ಥರ ಕೇಳಿಸುವುದು ಬಹುಮಟ್ಟಿಗೆ ಇದೇ. ಜೊತೆಗೆ ಸ್ಫೋಟ, ಕಾರು, ಗುಂಡುಗಳ ಸದ್ದಿನ ನಡುವೆ ಕೊಳಲಿನ ಮೆಲುದನಿ ಕೇಳಿಸುವುದೂ ಇಲ್ಲ. ದಪ್ಪ ಡ್ರಮ್ಮು, ದಪ್ಪ ಹಿತ್ತಾಳೆ ವಾದ್ಯ ಮಾತ್ರ ಆ ಗದ್ದಲದಲ್ಲಿ ಉಳಿಯುತ್ತವೆ.

ಇದಕ್ಕೆ ತದ್ವಿರುದ್ಧವಾಗಿ ನಡೆದದ್ದೂ ಇದೆ. 1982ರ 'ಇ.ಟಿ.' ಚಿತ್ರದ ಕೊನೆಯ ಭಾಗಕ್ಕೆ ಸಂಗೀತವನ್ನು ದೃಶ್ಯದ ಅಳತೆಗೆ ಕೂರಿಸಲು ವಿಲಿಯಮ್ಸ್ ಒದ್ದಾಡುತ್ತಿದ್ದರು. ಸ್ಪೀಲ್‌ಬರ್ಗ್ ಪರದೆ ಆರಿಸಿ, ಕಛೇರಿಯಲ್ಲಿ ನುಡಿಸುವ ಹಾಗೆ ಮನಸ್ಸಿಗೆ ಬಂದಂತೆ ನುಡಿಸಲು ಹೇಳಿದರು. ಆಮೇಲೆ ಆ ಸಂಗೀತಕ್ಕೆ ತಕ್ಕಂತೆ ಚಿತ್ರವನ್ನು ಮರು ಎಡಿಟ್ ಮಾಡಿದರು. ಸೈಕಲ್‌ಗಳು ಹಾರುವ ಆ ಭಾಗದಲ್ಲಿ ಸಂಗೀತ ಉಸಿರಾಡುತ್ತಿದೆ ಅನಿಸಿದರೆ ಕಾರಣ ಇದೇ.

ಸಂಯೋಜಕ ಹಾನ್ಸ್ ಜಿಮ್ಮರ್ ಹೆಸರು ಬರದೆ ಈ ಮಾತು ಮುಗಿಯುವುದಿಲ್ಲ, ಅಲ್ವಾ? ಎಲ್ಲರೂ ನಕಲು ಮಾಡುವುದು ಅವರನ್ನೇ. ನಕಲು ಮಾಡಿದವರ ತಪ್ಪಿಗೆ ಅವರನ್ನು ಬೈಯುವುದು ಸರಿಯಲ್ಲ. 2014ರ 'ಇಂಟರ್‌ಸ್ಟೆಲ್ಲಾರ್' ನೋಡಿ. ನಿರ್ದೇಶಕ ನೋಲನ್ ಜಿಮ್ಮರ್‌ಗೆ ಕಥೆ ಹೇಳಲಿಲ್ಲ, ಬಾಹ್ಯಾಕಾಶದ ಚಿತ್ರ ಅಂತಲೂ ಹೇಳಲಿಲ್ಲ. ತಂದೆ ಮತ್ತು ಮಗುವಿನ ಬಗ್ಗೆ ಒಂದು ಪುಟ ಬರೆದು ಕೊಟ್ಟು, ಅದರ ಮೇಲೆ ಏನಾದರೂ ಬರೆಯಿರಿ ಅಂದರು. ಆ ಪುಟ್ಟ ಟ್ಯೂನ್ ಮೇಲೇ ಇಡೀ ಚಿತ್ರ ನಿಂತಿದೆ. ವಾದ್ಯ ಪೈಪ್ ಆರ್ಗನ್, ಲಂಡನ್ನಿನ ಟೆಂಪಲ್ ಚರ್ಚ್‌ನದು. ಗಾಳಿಯಿಂದ ನುಡಿಯುವ ವಾದ್ಯ, ಗಾಳಿಯೇ ಇಲ್ಲದ ಜಾಗದ ಕಥೆ. ಕೆಲವು ಕಡೆ ಆರ್ಗನ್ ಅಬ್ಬರಕ್ಕೆ ಮಾತು ಕೇಳಿಸುವುದಿಲ್ಲ ಅಂತ ಆಗ ಬಹಳ ಜನ ದೂರಿದರು. ನನಗೂ ಹಾಗೇ ಅನಿಸಿತ್ತು, ಈಗಲೂ ಅನಿಸುತ್ತದೆ. ಆದರೆ ನೌಕೆಯ ಬಾಗಿಲು ಸಿಡಿಯುವ ಗಳಿಗೆ ಗಮನಿಸಿ. ಹೊರಗಿನಿಂದ ತೋರಿಸುವಾಗ ಸಂಗೀತವೂ ಇಲ್ಲ, ಸ್ಫೋಟದ ಸದ್ದೂ ಇಲ್ಲ. ಆ ಮೌನದ ನಂತರ ಆರ್ಗನ್ ಏಳುತ್ತದೆ. ಆ ಮೌನ ಇಲ್ಲದಿದ್ದರೆ ಮುಂದಿನ ದೃಶ್ಯಕ್ಕೆ ಅರ್ಧ ಬಲವೂ ಇರುತ್ತಿರಲಿಲ್ಲ.

ಹೊಸಬರಲ್ಲಿ ಐಸ್‌ಲ್ಯಾಂಡಿನ ಹಿಲ್ದುರ್ ಗುಡ್ನಾಡೊತ್ತಿರ್ ಅವರನ್ನು ಖಂಡಿತ ಕೇಳಿ. 2019ರ 'ಜೋಕರ್' ಚಿತ್ರಕ್ಕೆ ಅವರು ಸ್ಕ್ರಿಪ್ಟ್ ಓದಿಯೇ ಚೆಲ್ಲೊ ಮೇಲೆ ಸಂಗೀತ ಬರೆದು ಕಳಿಸಿದ್ದರು. ಕೊಲೆ ಮಾಡಿ ಬಂದ ನಾಯಕ ಶೌಚಾಲಯದಲ್ಲಿ ನಿಧಾನವಾಗಿ ಕುಣಿಯುವ ದೃಶ್ಯ ಹುಟ್ಟಿದ್ದು ಸೆಟ್‌ನಲ್ಲಿ ಆ ಚೆಲ್ಲೊ ಕೇಳಿಸಿದಾಗ.

ನಿಮಗೆ ಒಂದು ಪರೀಕ್ಷೆ ಬೇಕಿದ್ದರೆ ಜಪಾನಿನ ಜೋ ಹಿಸೈಶಿ ಹತ್ತಿರ ಹೋಗಿ. ಮಿಯಝಾಕಿ ಅವರ 1986ರ 'ಕ್ಯಾಸಲ್ ಇನ್ ದಿ ಸ್ಕೈ' ಅನಿಮೇಷನ್ ಚಿತ್ರಕ್ಕೆ ಅವರು ಸಂಗೀತ ಕೊಟ್ಟರು. ಮುಂದೆ ಅಮೆರಿಕದಲ್ಲಿ ಇಂಗ್ಲಿಷ್‌ಗೆ ಡಬ್ ಮಾಡುವಾಗ ಅಲ್ಲಿನ ಪ್ರೇಕ್ಷಕರಿಗೆ ಅಷ್ಟು ಹೊತ್ತು ಸಂಗೀತ ಇಲ್ಲದಿದ್ದರೆ ಆಗುವುದಿಲ್ಲ ಅಂತ ಡಿಸ್ನಿಗೆ ಅನಿಸಿತು. ಹಿಸೈಶಿ ತಾವೇ ಕೂತು ಸಂಗೀತವನ್ನು ಹಿಗ್ಗಿಸಿ ಬರೆದರು. ಅದೇ ಚಿತ್ರ, ಅದೇ ಸಂಯೋಜಕ, ಎರಡು ಸಂಗೀತ. ಇಂಥ ಅವಕಾಶ ಬಹಳ ಅಪರೂಪ. ಎರಡೂ ಸಿಕ್ಕರೆ ಮೊದಲ ಅರ್ಧ ಗಂಟೆ ಅಕ್ಕಪಕ್ಕ ಇಟ್ಟು ನೋಡಿ. ಎರಡನೆಯದರ ವಾದ್ಯವೃಂದ ಶ್ರೀಮಂತವಾಗಿದೆ, ಚೆನ್ನಾಗಿಯೂ ಇದೆ. ನನಗೆ ಮೊದಲನೆಯದೇ ಇಷ್ಟ. ಗಾಳಿ ಬೀಸುವುದು ಕೇಳಿಸಬೇಕಾದ ಕಡೆ ಅದರಲ್ಲಿ ಗಾಳಿಯೇ ಕೇಳಿಸುತ್ತದೆ.

ಆಲ್ಬಂಗಳನ್ನು ಪೂರ್ತಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಚಿತ್ರ ನೋಡಿದ ಮೇಲೆ ಕೇಳಿ. ಆಲ್ಬಂನಲ್ಲಿ ತುಣುಕುಗಳ ಕ್ರಮ ಚಿತ್ರದ ಕ್ರಮವೇ ಆಗಿರುವುದಿಲ್ಲ. ಕೆಲವು ಹಳೆಯ ಆಲ್ಬಂಗಳು ಚಿತ್ರಕ್ಕೆ ನುಡಿಸಿದ್ದೂ ಅಲ್ಲ, ಮಾರಾಟಕ್ಕೆ ಬೇರೆಯಾಗಿ ನುಡಿಸಿದ್ದು. 1982ರ 'ಬ್ಲೇಡ್ ರನ್ನರ್' ಇದಕ್ಕೆ ಒಳ್ಳೆಯ ಉದಾಹರಣೆ. ವಾಂಗೆಲಿಸ್ ಸಿಂಥಸೈಜರ್ ಮೇಲೆ ಮಾಡಿದ ಆ ಸಂಗೀತ ಚಿತ್ರ ಬಂದಾಗ ಅಂಗಡಿಗೆ ಬರಲೇ ಇಲ್ಲ. ಬಂದದ್ದು ಬೇರೊಂದು ವಾದ್ಯವೃಂದ ನುಡಿಸಿದ ಆವೃತ್ತಿ. ವಾಂಗೆಲಿಸ್ ಅವರದೇ ಆಲ್ಬಂ ಹೊರಬಂದದ್ದು 1994ರಲ್ಲಿ. ಹುಡುಕುವಾಗ ವರ್ಷವನ್ನೂ ಕಲಾವಿದರ ಹೆಸರನ್ನೂ ನೋಡಿಕೊಳ್ಳಿ.

ಚಿತ್ರ ನೋಡದೆಯೂ ಕೇಳಬಹುದಾದ ಆಲ್ಬಂ ಬೇಕೇ ಬೇಕು ಅಂದರೆ ಎರಡು ಹೆಸರು ಕೊಡುತ್ತೇನೆ. ಒಂದು, ಮೊರಿಕೋನೆ ಅವರ 'ದಿ ಮಿಷನ್' (1986). ಇನ್ನೊಂದು, ರ್ಯೂಯಿಚಿ ಸಕಮೊಟೊ ಅವರ 'ಮೆರಿ ಕ್ರಿಸ್ಮಸ್, ಮಿಸ್ಟರ್ ಲಾರೆನ್ಸ್' (1983). ಸಕಮೊಟೊ ಆ ಚಿತ್ರದಲ್ಲಿ ನಟಿಸಿಯೂ ಇದ್ದಾರೆ. ಎರಡರಲ್ಲೂ ಹಾಡಿನ ಪ್ರೇಮಿಗೆ ಹಿಡಿದುಕೊಳ್ಳಲು ಗಟ್ಟಿ ಟ್ಯೂನ್ ಇದೆ, ಹಾಗಾಗಿ ಬೇಜಾರಾಗುವುದಿಲ್ಲ. ಉಳಿದವುಗಳಿಗೆಲ್ಲ ಮೊದಲು ಸಿನಿಮಾ, ಆಮೇಲೆ ಆಲ್ಬಂ. 'ಸೈಕೋ'ದ ಕಾರಿನ ದೃಶ್ಯವನ್ನು ಸದ್ದಿಲ್ಲದೆ ಒಮ್ಮೆ, ಸದ್ದಿನೊಂದಿಗೆ ಒಮ್ಮೆ ನೋಡುವುದರಿಂದ ಶುರು ಮಾಡಿ. ಹತ್ತು ನಿಮಿಷವೂ ಬೇಕಾಗುವುದಿಲ್ಲ.